ಐದಂಕಿಯ ಸಂಕೇತದಲ್ಲಿ ಸತ್ಯಶುದ್ಧ ಕಾಯಕ

ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಧಿಕವಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಅಮೆರಿಕದಲ್ಲಿ ವೈದ್ಯವೃತ್ತಿ ಕೈಗೊಂಡಿರುವ ನಮ್ಮ ಬಂಧುಗಳಿಗೂ, ಬೆಂಗಳೂರಿನಲ್ಲಿ ಕುಳಿತು ಅಲ್ಲಿನ ‘ಮೆಡಿಕಲ್ ಕೋಡಿಂಗ್’ ಮಾಡುವ ನಮ್ಮ ತರುಣ ತರುಣಿಯರಿಗೂ ಇದೇ ಪ್ರಶ್ನೆ ಪ್ರತಿದಿನ ಎದುರಾಗುತ್ತದೆ: ಮಾಡಿದ ಕೆಲಸಕ್ಕೆ ಸಲ್ಲಬೇಕಾದುದು ಎಷ್ಟು?

ಆ ದೇಶದಲ್ಲಿ ವೈದ್ಯರ ಪ್ರತಿಯೊಂದು ಭೇಟಿಗೂ ಐದಂಕಿಯ ಸಂಕೇತವೊಂದನ್ನು ಬರೆದು ವಿಮಾ ಸಂಸ್ಥೆಗೆ ಕಳುಹಿಸಬೇಕು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಈ ಸಂಕೇತಾವಳಿಯನ್ನು 1966ರಲ್ಲಿ ಮೊದಲಿಗೆ ಪ್ರಕಟಿಸಿತು. ಚಿಕಿತ್ಸಾಲಯದ ಭೇಟಿಯಲ್ಲಿ ಹೊಸ ರೋಗಿಗೆ 99202ರಿಂದ 99205ರವರೆಗೆ, ಹಳೆಯ ರೋಗಿಗೆ 99211ರಿಂದ 99215ರವರೆಗೆ ಸಂಕೇತಗಳಿವೆ. ಕಳೆದ ಮೂರು ವರ್ಷಗಳಲ್ಲಿ ಆ ವೈದ್ಯರನ್ನಾಗಲಿ, ಅದೇ ಬಳಗದ ಅದೇ ವಿಭಾಗದ ಬೇರೆ ವೈದ್ಯರನ್ನಾಗಲಿ ಕಂಡಿರದವನೇ ಹೊಸ ರೋಗಿ. ಸಂಖ್ಯೆ ಏರಿದಂತೆ ಶುಲ್ಕವೂ ಏರುತ್ತದೆ.

ಹಿಂದೆ ರೋಗಚರಿತ್ರೆ ಮತ್ತು ದೇಹಪರೀಕ್ಷೆಯ ವಿವರಗಳನ್ನು ಎಣಿಸಿ ಹಂತವನ್ನು ನಿರ್ಧರಿಸುತ್ತಿದ್ದರು. ಇದರಿಂದ ಬರವಣಿಗೆ ಬೆಳೆಯಿತೇ ಹೊರತು ರೋಗಿಗೆ ಹೆಚ್ಚಿನ ಪ್ರಯೋಜನವಾಗಲಿಲ್ಲ. 2021ರಿಂದ ಈ ಭೇಟಿಗಳಿಗೆ ಎರಡೇ ಅಳತೆಗೋಲುಗಳಿವೆ: ವೈದ್ಯರು ಕೈಗೊಂಡ ನಿರ್ಣಯದ ಕ್ಲಿಷ್ಟತೆ, ಇಲ್ಲವೇ ಆ ದಿನ ಆ ರೋಗಿಗಾಗಿ ಅವರು ಸ್ವತಃ ವ್ಯಯಿಸಿದ ಒಟ್ಟು ಸಮಯ. ಇವೆರಡರಲ್ಲಿ ಒಂದನ್ನು ಆಧಾರವಾಗಿ ತೆಗೆದುಕೊಳ್ಳಬಹುದು. ನಿರ್ಣಯವನ್ನು ಅಳೆಯುವಾಗ ಕಾಯಿಲೆಗಳ ಸ್ವರೂಪ, ಪರಿಶೀಲಿಸಿದ ವರದಿಗಳು ಮತ್ತು ಚಿಕಿತ್ಸೆಯ ಅಪಾಯ ಎಂಬ ಮೂರು ಅಂಶಗಳ ಪೈಕಿ ಎರಡಾದರೂ ಆ ಹಂತವನ್ನು ಮುಟ್ಟಿರಬೇಕು.

ಒಂದು ಉದಾಹರಣೆಯನ್ನು ನೋಡೋಣ. ಮಧುಮೇಹ ಮತ್ತು ರಕ್ತದೊತ್ತಡಗಳೆರಡೂ ಹತೋಟಿಯಲ್ಲಿರುವ ಹಳೆಯ ರೋಗಿಯೊಬ್ಬರು ಬರುತ್ತಾರೆ. ವೈದ್ಯರು ಎರಡನ್ನೂ ವಿಚಾರಿಸಿ, ಔಷಧಿಗಳನ್ನು ಪರಿಶೀಲಿಸಿ ಮುಂದುವರಿಸುತ್ತಾರೆ. ಇದಕ್ಕೆ 99214 ಸಲ್ಲುತ್ತದೆ. ಸಮಯವನ್ನೇ ಲೆಕ್ಕ ಹಿಡಿದರೆ ಇದಕ್ಕೆ ಕನಿಷ್ಠ 30 ನಿಮಿಷಗಳು ಬೇಕು. 99213ಕ್ಕೆ 20 ನಿಮಿಷಗಳು ಸಾಕು. ದಾದಿಯರು ಕಳೆದ ಸಮಯ ಈ ಲೆಕ್ಕಕ್ಕೆ ಸೇರದು. ಅದೇ ರೋಗಿ ಸಾಧಾರಣ ನೆಗಡಿಗೆಂದು ಮಾತ್ರ ಬಂದು ಸಮಾಧಾನದ ಮಾತು ಕೇಳಿ ಹೋದರೆ, ಹಳೆಯ ಕಡತದಲ್ಲಿ ಮಧುಮೇಹವಿದೆಯೆಂದು 99214 ಬರೆಯುವುದು ತಪ್ಪು. ಅಂದು ವಿಚಾರಿಸದ ಕಾಯಿಲೆಗೆ ಅಂದಿನ ಲೆಕ್ಕದಲ್ಲಿ ಸ್ಥಾನವಿಲ್ಲ.

ಸಲ್ಲದುದನ್ನು ಬರೆದರೆ ಆ ಭಾರ ವಿಮಾ ಸಂಸ್ಥೆಯ ಮೇಲಷ್ಟೇ ಬೀಳುವುದಿಲ್ಲ. ಎಷ್ಟೋ ವೇಳೆ ರೋಗಿಯ ಕೈಯಿಂದಲೇ ಹಣ ಹೋಗುತ್ತದೆ. ಸರ್ಕಾರಿ ವಿಮೆಯಲ್ಲಿ ಗೊತ್ತಿದ್ದೂ ಹೀಗೆ ಮಾಡಿದವರ ಮೇಲೆ, 1863ರ ಕಾಯಿದೆಯೊಂದರ ಅನ್ವಯ, ನಷ್ಟದ ಮೂರು ಪಟ್ಟು ಹಣ ಮತ್ತು ದಂಡವನ್ನು ವಿಧಿಸಬಹುದು. ತನಿಖೆಗೆ ಅಂಜಿ ಯಾವಾಗಲೂ ಕೆಳಗಿನ ಸಂಖ್ಯೆಯನ್ನೇ ಬರೆಯುವುದೂ ಸರಿಯಲ್ಲ. ಅದೂ ಸುಳ್ಳು ಲೆಕ್ಕವೇ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ತೆರಳುವ ಹಿರಿಯರು ಅಲ್ಲಿ ವೈದ್ಯರನ್ನು ಕಂಡಲ್ಲಿ ವಿವರವಾದ ಬಿಲ್ಲನ್ನು ಕೇಳಿ ಪಡೆಯಲಿ. ಅದರಲ್ಲಿರುವ ಸಂಕೇತ, ನಡೆದ ಭೇಟಿಗೆ ಹೊಂದುತ್ತದೆಯೇ ಎಂದು ಮಕ್ಕಳು ಓದಿ ನೋಡಲಿ. ಸಂದೇಹವಿದ್ದರೆ ಸಂಕೋಚವಿಲ್ಲದೆ ವಿಚಾರಿಸಲಿ.

ಶರಣರು ಕಾಯಕಕ್ಕೆ ಸತ್ಯಶುದ್ಧತೆಯ ಕಟ್ಟಳೆಯನ್ನಿಟ್ಟರು. ಲೇಖನಿ ಹಿಡಿದ ವೈದ್ಯರಿಗೂ ಗಣಕಯಂತ್ರದ ಮುಂದೆ ಕುಳಿತವರಿಗೂ ಆ ಕಟ್ಟಳೆ ಒಂದೇ. ಹೆಚ್ಚಾದ ಅಕ್ಕಿಯನ್ನು ಕಂಡೊಡನೆ ಗುರುತಿಸಿದ ಲಕ್ಕಮ್ಮನವರ ಕಣ್ಣು ನಮ್ಮೆಲ್ಲರ ಲೆಕ್ಕದ ಪುಸ್ತಕಗಳ ಮೇಲೂ ಇರಲಿ.