ಮರದರಿಶಿನ ಮತ್ತು ಮರೆವಿನ ಲೆಕ್ಕ

ಗಿಡಮೂಲಿಕೆಯೊಂದು ಅಲ್ಝೈಮರ್ ಗುಣಪಡಿಸುತ್ತದೆಂದು ಕಂಪ್ಯೂಟರೇ ಸಾಬೀತು ಮಾಡಿದೆ ಎಂಬ ಸಂದೇಶಗಳು ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತಲೇ ಇರುತ್ತವೆ. ಮಕ್ಕಳ ಹೆಸರೇ ಮರೆತ ಅಜ್ಜಿ ಮನೆಯಲ್ಲಿದ್ದರೆ ಯಾರಿಗಾದರೂ ನಂಬಬೇಕೆನಿಸುತ್ತದೆ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಅಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆ (ಡಿಮೆನ್ಶಿಯಾ) ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಆ ಕಂಪ್ಯೂಟರ್ ನಿಜವಾಗಿ ಮಾಡುವುದೇನು? ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವದ ರಚನೆಯನ್ನು 1991ರಲ್ಲಿ ಇಸ್ರೇಲಿನ ಜೋಯೆಲ್ ಸಸ್ಮನ್ ತಂಡ ಬಿಡಿಸಿಟ್ಟಿತು. ಕಿಣ್ವದೊಳಗೆ ಸುಮಾರು 20 ಆಂಗ್‌ಸ್ಟ್ರಮ್ ಆಳದ ಇಕ್ಕಟ್ಟಾದ ಕಂದರವಿದೆ. ಒಡೆಯುವ ಕೆಲಸ ನಡೆಯುವುದು ಅದರ ತಳದಲ್ಲಿ; ಅಲ್ಲಿ ಬೇರೊಂದು ಅಣು ಅಡ್ಡ ಕೂತರೆ ಆ ಕೆಲಸ ನಿಲ್ಲುತ್ತದೆ. ಡಾಕಿಂಗ್ ಎಂಬ ವಿಧಾನದ ತಂತ್ರಾಂಶ ಸಸ್ಯದ ಅಣುವನ್ನು ತಿರುಗಿಸಿ, ಬಾಗಿಸಿ, ನಾನಾ ಭಂಗಿಗಳಲ್ಲಿ ಆ ಕಂದರಕ್ಕೆ ಇಳಿಸಿ, ಹಿಡಿತಕ್ಕೊಂದು ಅಂಕ ಕೊಡುತ್ತದೆ: ಮೈನಸ್ 8, ಮೈನಸ್ 9 ಕಿಲೊಕ್ಯಾಲರಿ, ಹೀಗೆ. ಅಂಕ ಇಳಿದಷ್ಟೂ ಹಿಡಿತ ಬಿಗಿ. ಆದರೆ ಈ ಅಂಕ 2 ಕಿಲೊಕ್ಯಾಲರಿ ಆಚೀಚೆ ಆಗುವುದು ಮಾಮೂಲು, ಮತ್ತು ಅಷ್ಟರಲ್ಲೇ ಹಿಡಿತದ ಬಲ ಸುಮಾರು 25 ಪಟ್ಟು ಏರುಪೇರಾಗುತ್ತದೆ. ನುಂಗಿದ ಅಣು ಯಕೃತ್ತಿನಲ್ಲಿ ಒಡೆಯದೆ ಉಳಿಯುತ್ತದೆಯೇ, ರಕ್ತದಿಂದ ಮಿದುಳಿಗೆ ದಾಟುತ್ತದೆಯೇ ಎಂಬುದನ್ನಂತೂ ಅದು ಹೇಳುವುದೇ ಇಲ್ಲ.

ಹಾಗೆಂದು ಡಾಕಿಂಗ್ ನಿಷ್ಪ್ರಯೋಜಕವಲ್ಲ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಕಟ್ಟಿದ ಇಂಪ್ಯಾಟ್ ದತ್ತಸಂಚಯದ ಎರಡನೇ ಆವೃತ್ತಿಯಲ್ಲಿ 4,010 ಸಸ್ಯಗಳ 17,967 ಅಣುಗಳಿವೆ. ಅಷ್ಟನ್ನೂ ಪರೀಕ್ಷಾನಳಿಕೆಗೆ ಹಾಕಲು ಯಾರಿಗೆ ಸಾಧ್ಯ? ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಆರಿಸಲು ಡಾಕಿಂಗ್ ಒಳ್ಳೆಯ ಜರಡಿ.

ಮುಂದಿನ ಹಾದಿ ಹೇಗಿರುತ್ತದೆ ಎಂಬುದಕ್ಕೆ ಬೆಂಗಳೂರಿನ ಜಕ್ಕೂರಿನಲ್ಲಿ ಉದಾಹರಣೆಯಿದೆ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ಅವರ ತಂಡ ಬರ್ಬರಿನ್ ಅಣುವನ್ನು ಆರಿಸಿಕೊಂಡಿತು. ಪಶ್ಚಿಮಘಟ್ಟದ ಮರದರಿಶಿನದ ಬಳ್ಳಿಗೆ ಹಳದಿ ಬಣ್ಣ ಕೊಡುವುದು ಇದೇ. ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗದು, ಜೀವಕೋಶಗಳಿಗೆ ವಿಷವೂ ಹೌದು. ಹಾಗಾಗಿ ಅಣುವಿನ ರಚನೆಯನ್ನೇ ಬದಲಿಸಿ ‘ಬರ್-ಡಿ’ ಮಾಡಿದರು. ಅದು ನೀರಿನಲ್ಲಿ ಕರಗುತ್ತದೆ, ತಾಮ್ರದ ಅಯಾನುಗಳನ್ನು ಹಿಡಿದಿಟ್ಟು ಹಾನಿಕರ ಆಮ್ಲಜನಕ ರೂಪಗಳನ್ನು ತಡೆಯುತ್ತದೆ, ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಕೂಡುವ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಕಟ್ಟದಂತೆ ನೋಡಿಕೊಳ್ಳುತ್ತದೆ. 2020ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಕಂಪ್ಯೂಟರ್ ಲೆಕ್ಕವೂ ಇತ್ತು. ಅದರ ಜೊತೆಗೆ ಪ್ರಯೋಗಾಲಯದ ಅಳತೆಗಳೂ ಜೀವಕೋಶಗಳ ಪರೀಕ್ಷೆಯೂ ಇದ್ದವು. ನನಗೆ ಮುಖ್ಯವೆನಿಸುವುದು ಇದೇ: ಗಿಡ ಕೊಟ್ಟದ್ದು ಮೊದಲ ಕರಡು ಮಾತ್ರ, ಅದನ್ನು ತಿದ್ದಿದ್ದು ರಸಾಯನಶಾಸ್ತ್ರ. ಜೀವಕೋಶದಿಂದ ರೋಗಿಯವರೆಗಿನ ದಾರಿಯಂತೂ ಇನ್ನೂ ಉದ್ದ.

ಆ ದಾರಿ ಕೊನೆಮುಟ್ಟುವುದೂ ಉಂಟು. ಸ್ನೋಡ್ರಾಪ್ ಎಂಬ ಹೂಗಿಡದಲ್ಲಿ 1950ರ ದಶಕದಲ್ಲೇ ಸಿಕ್ಕ ಗ್ಯಾಲಂಟಮೀನ್‌ಗೆ ಅಮೆರಿಕದಲ್ಲಿ ಅಲ್ಝೈಮರ್ ಔಷಧವಾಗಿ ಒಪ್ಪಿಗೆ ಬಂದದ್ದು 2001ರಲ್ಲಿ. ಅದೂ ಲಕ್ಷಣಗಳನ್ನು ಕೊಂಚ ತಗ್ಗಿಸುತ್ತದೆ, ರೋಗವನ್ನು ನಿಲ್ಲಿಸುವುದಿಲ್ಲ.

ಅವಸರದ ಸಂದೇಶಗಳ ಇನ್ನೊಂದು ಪರಿಣಾಮ ಕಾಡಿನ ಮೇಲೆ. ಕಾಂಡಕ್ಕಾಗಿ ಕಡಿದು ಕಡಿದೇ ಮರದರಿಶಿನ ಅಳಿವಿನಂಚಿಗೆ ಬಂದಿದೆ. ನಿಧಾನವಾಗಿ ಬೆಳೆಯುವ ಈ ಬಳ್ಳಿಯನ್ನು ಮರೆವಿನ ಮದ್ದೆಂದು ಹೇಳಿ ಮಾರಲು ಹೊರಟರೆ ಕಾಡಿನಲ್ಲಿ ಉಳಿದಿರುವಷ್ಟೂ ಕತ್ತಿಯ ಪಾಲಾದೀತು.