ತಮಟೆಯ ಹಿಂದಿನ ನೀರು

ನೆಗಡಿಯಾದ ಮಗು ಕಿವಿ ಹಿಡಿದುಕೊಂಡು ಅಳುತ್ತಿದ್ದರೆ ವೈದ್ಯರು ಓಟೋಸ್ಕೋಪಿನ ಬೆಳಕು ಬಿಟ್ಟು ಒಳಗೆ ನೋಡುತ್ತಾರೆ. ಕಿವಿಯ ತಮಟೆ ಕೆಂಪಾಗಿ ಕಂಡರೆ ಸೋಂಕೆಂದು ಆಂಟಿಬಯೋಟಿಕ್ ಬರೆಯುವುದು ಸುಲಭ. ಆದರೆ ಕೆಂಪು ಬಣ್ಣ ನಂಬಬಹುದಾದ ಸಾಕ್ಷಿಯಲ್ಲ. ಜೋರಾಗಿ ಅತ್ತರೂ, ಜ್ವರ ಏರಿದರೂ ರಕ್ತನಾಳಗಳು ಹಿಗ್ಗಿ ತಮಟೆ ಕೆಂಪೇರುತ್ತದೆ. ನೋಡಬೇಕಾದದ್ದು ಅದರ ಹಿಂದೆ ದ್ರವ ನಿಂತಿದೆಯೇ, ತಮಟೆ ಹೊರಕ್ಕೆ ಉಬ್ಬಿದೆಯೇ ಎಂಬುದನ್ನು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳ ಮಕ್ಕಳಲ್ಲಿ ಗಿಡ್ಡ, ಇಳಿಜಾರೂ ಕಡಿಮೆ. ನೆಗಡಿಗೆ ಅದು ಕಟ್ಟಿಕೊಂಡರೆ ದ್ರವ ಇಳಿದುಹೋಗದು. ಅದು ಸೋಂಕಿಲ್ಲದ ಬರೀ ದ್ರವವಾದರೆ ಆಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ; ಸಾಮಾನ್ಯವಾಗಿ ಮೂರು ತಿಂಗಳು ಗಮನಿಸುತ್ತಾ ಕಾಯುತ್ತಾರೆ. ಆ ದಿನಗಳಲ್ಲಿ ಮಗುವಿಗೆ ಕಿವಿ ಮಂದವಾಗಿರುತ್ತದೆ, ತರಗತಿಯಲ್ಲಿ ಅದನ್ನು ದಡ್ಡತನವೆಂದು ತಿಳಿಯುವ ಅಪಾಯವೂ ಇದೆ.

ಹೀಗೆ ಪ್ರಶ್ನೆ ನೀರಿನದಾದರೆ, ನೀರನ್ನೇ ತೋರಿಸುವ ಬೆಳಕು ಬೇಕು. ಅಮೆರಿಕದ ಎಂಐಟಿಯ ಮೌಂಗಿ ಬಾವೆಂಡಿ ಮತ್ತು ಸಂಗಡಿಗರು 2016ರಲ್ಲಿ ವರದಿ ಮಾಡಿದ್ದು ಇಂಥ ಓಟೋಸ್ಕೋಪನ್ನೇ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ, ಸುಮಾರು 1450 ನ್ಯಾನೋಮೀಟರ್ ತರಂಗದೂರದ ಆಸುಪಾಸಿನಲ್ಲಿ, ನೀರು ಬೆಳಕನ್ನು ಬಲವಾಗಿ ಹೀರುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ದಪ್ಪದ ತಮಟೆಯನ್ನು ಆ ಬೆಳಕು ದಾಟುತ್ತದೆ. ಹಿಂದೆ ದ್ರವವಿದ್ದರೆ ಆ ಜಾಗ ಕಪ್ಪಾಗಿ ಕಾಣುತ್ತದೆ. ಕಣ್ಣಾಸ್ಪತ್ರೆಗಳಲ್ಲಿ ಅಕ್ಷಿಪಟಲದ ಪದರಗಳನ್ನು ನೋಡಲು ಬಳಸುವ ಓಸಿಟಿ ತಂತ್ರವನ್ನೂ ಕಿವಿಗೆ ಒಗ್ಗಿಸಿದ್ದಾರೆ. ಮತ್ತೆ ಮತ್ತೆ ಮರುಕಳಿಸುವ ಸೋಂಕಿನಲ್ಲಿ ತಮಟೆಯ ಒಳಬದಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಪದರವನ್ನೂ ಅದು ತೋರಿಸಬಲ್ಲದು. ಬರಿಗಣ್ಣಿಗೆ ಇದು ಎಂದೂ ದಕ್ಕದ ನೋಟ.

ನಂಜನಗೂಡಿಗೂ ಗುಂಡ್ಲುಪೇಟೆಗೂ ನಡುವಿನ ಬೇಗೂರಿನಂಥ ಹೋಬಳಿಗೆ ಇದೆಲ್ಲ ಎಟುಕೀತೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೊಬೈಲ್ ಕ್ಯಾಮೆರಾದ ಸಿಲಿಕಾನ್ ಸಂವೇದಕಕ್ಕೆ ಆ ಅವಕೆಂಪು ಬೆಳಕು ಕಾಣದು. ಬೇಕಾದ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸಂವೇದಕ ದುಬಾರಿ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಮೊದಲು ಅದನ್ನು ತೆಗೆಯಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವಾಗ, ಗಾಳಿಯ ಒತ್ತಡ ಮತ್ತು ಶಬ್ದದಿಂದ ತಮಟೆಯ ಚಲನೆ ಅಳೆಯುವ ಟಿಂಪನೋಮೆಟ್ರಿ ಸಾಲದೇ ಎಂದೂ ಕೇಳಬಹುದು. ಒಳ್ಳೆಯ ಪರೀಕ್ಷೆಯೇ ಅದು. ಆದರೆ ಕೊಸರಾಡುವ ಮಗುವಿನ ಕಿವಿಯಲ್ಲಿ ಗಾಳಿ ಸೋರದಂತೆ ತುದಿ ಕೂರಿಸುವುದು ಕಷ್ಟ. ದ್ರವ ಕೀವೋ ಬರೀ ನೀರೋ ಎಂಬುದನ್ನೂ ಅದು ಹೇಳದು. ಹೋಬಳಿಯ ಮಟ್ಟದಲ್ಲಿ ಇವತ್ತೇ ಮಾಡಬಹುದಾದದ್ದು ಬೇರೆಯಿದೆ. ಬಿಪಿ ನೋಡುವಾಗ ಹಿಸುಕುವಂಥ ಪುಟ್ಟ ರಬ್ಬರ್ ಬಲ್ಬನ್ನು ಓಟೋಸ್ಕೋಪಿಗೆ ಜೋಡಿಸಿ ಮೆಲ್ಲಗೆ ಗಾಳಿ ಬಿಟ್ಟರೆ ಆರೋಗ್ಯವಂತ ತಮಟೆ ಅಲುಗುತ್ತದೆ, ಹಿಂದೆ ದ್ರವ ತುಂಬಿದ್ದು ಅಲುಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಈ ವಿಧಾನ ಕೇಳುವುದೂ ಹೊಸ ಕ್ಯಾಮೆರಾದ ಪ್ರಶ್ನೆಯನ್ನೇ. ಕ್ಯಾಮೆರಾ ಅಗ್ಗವಾಗುವತನಕ ಕಾಯದೆ ಈ ಬಲ್ಬನ್ನು ಬಳಸುವ ತರಬೇತಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸಿಗಬೇಕು. ತಾಯ್ತಂದೆಯರೂ ಕಿವಿನೋವಿಗೆ ಕಾಯಿಸಿದ ಎಣ್ಣೆ ಬಿಡಬೇಡಿ. ತಮಟೆ ತೂತಾಗಿದ್ದರೆ ಅದು ನೇರ ನಡುಗಿವಿಗೆ ಇಳಿಯುತ್ತದೆ. ವೈದ್ಯರ ಬಳಿ ಹೋದಾಗ ಒಂದು ಮಾತು ತಪ್ಪದೆ ಕೇಳಿ: ತಮಟೆಯ ಹಿಂದೆ ನೀರು ನಿಂತಿದೆಯೇ?