ಸಮುದ್ರ ಸೌತೆ ಕಲಿಸಿದ ಪಾಠ: ವಿದ್ಯಾರ್ಥಿಗಳು ಹೊರದೇಶದ ಪ್ರಯೋಗಾಲಯಗಳಿಗೆ ಹೋಗುವುದೇಕೆ?

ಬಲೆಗೆ ಸಿಕ್ಕಿದ ಸಮುದ್ರ ಸೌತೆಯನ್ನು ಮುಟ್ಟಿ ನೋಡಿದವರಿಗೆ ಅದರ ಗುಣ ತಿಳಿದಿರುತ್ತದೆ. ಮೆತ್ತಗೆ ಬಿದ್ದಿದ್ದ ಪ್ರಾಣಿ ಕೈ ತಾಗಿದ ಕೆಲವೇ ಕ್ಷಣಗಳಲ್ಲಿ ಬಿಗಿದುಕೊಂಡು ಗಟ್ಟಿಯಾಗುತ್ತದೆ. (ನಮ್ಮ ದೇಶದಲ್ಲಿ 2001ರಿಂದ ಇದು ಕಾನೂನಿನ ರಕ್ಷಣೆಯಲ್ಲಿರುವ ಜೀವಿ. ಸಿಕ್ಕರೆ ಕಡಲಿಗೇ ಮರಳಿ ಬಿಡಬೇಕು.) ಅದರ ಚರ್ಮದೊಳಗೆ ಕೊಲಾಜೆನ್ ಎಂಬ ಪ್ರೋಟೀನಿನ ಸೂಕ್ಷ್ಮ ನಾರುಗಳಿವೆ. ನಾರುಗಳು ಬಿಡಿಬಿಡಿಯಾಗಿದ್ದಾಗ ಚರ್ಮ ಮೃದು. ಅಪಾಯ ಬಂದಾಗ ಚರ್ಮದ ಜೀವಕೋಶಗಳು ಹೊರಬಿಡುವ ರಾಸಾಯನಿಕಗಳು ಆ ನಾರುಗಳನ್ನು ಒಂದಕ್ಕೊಂದು ಬೆಸೆಯುತ್ತವೆ.

ಈ ಉಪಾಯವನ್ನೇ ಅನುಸರಿಸಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದ ತಂಡವೊಂದು 2008ರಲ್ಲಿ ಹೊಸ ಪಾಲಿಮರ್ ವಸ್ತುವನ್ನು ಪ್ರಕಟಿಸಿತು. ಪಾಲಿಮರ್ ಎಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿಕೊಂಡ ವಸ್ತು. ರಬ್ಬರು, ಪ್ಲಾಸ್ಟಿಕ್, ನಮ್ಮ ಕೂದಲು ಎಲ್ಲವೂ ಅದೇ. ರಬ್ಬರಿನಂಥ ಪಾಲಿಮರಿನೊಳಗೆ ಅವರು ಸೆಲ್ಯುಲೋಸ್ ನಾರುಗಳನ್ನು ಬೆರೆಸಿದರು. ಆ ನಾರುಗಳನ್ನು ತೆಗೆದದ್ದು ಟ್ಯೂನಿಕೇಟ್ ಎಂಬ ಇನ್ನೊಂದು ಕಡಲಜೀವಿಯ ಹೊದಿಕೆಯಿಂದ. ಒಣಗಿದ್ದಾಗ ನಾರುಗಳು ಪರಸ್ಪರ ಹಿಡಿದುಕೊಂಡು ವಸ್ತು ಗಡುಸಾಗಿರುತ್ತದೆ. ನೀರು ಒಳಹೊಕ್ಕರೆ ಆ ಹಿಡಿತ ಸಡಿಲವಾಗಿ ಗಡಸುತನ ಸುಮಾರು 40 ಪಟ್ಟು ಇಳಿಯುತ್ತದೆ. ಒಣಗಿಸಿದರೆ ಮತ್ತೆ ಮೊದಲಿನಂತೆ.

ಪ್ರಯೋಜನವೇನು? ಪಾರ್ಶ್ವವಾಯು ಪೀಡಿತರಿಗೆ ನೆರವಾಗಬಲ್ಲ ಎಲೆಕ್ಟ್ರೋಡ್‌ಗಳನ್ನು ಮೆದುಳಿಗೆ ಸೇರಿಸುವಾಗ ಅವು ಗಟ್ಟಿಯಾಗಿರಬೇಕು. ಒಳಗೆ ಹೋದ ಮೇಲೆ ಮಾತ್ರ ಗಡಸು ಎಲೆಕ್ಟ್ರೋಡ್ ಮೃದುವಾದ ಮೆದುಳಿಗೆ ಗಾಯ ಮಾಡಬಹುದು. ಸೇರಿಸುವಾಗ ಗಟ್ಟಿ, ಸೇರಿದ ಮೇಲೆ ಮೆತ್ತಗೆ, ಇದೇ ಈ ಸಂಶೋಧನೆಯ ಗುರಿಗಳಲ್ಲೊಂದು.

ಅಂದಿನ ತಂಡದಲ್ಲಿ ಭಾರತದಿಂದ ಹೋಗಿದ್ದ ಸಂಶೋಧನಾ ವಿದ್ಯಾರ್ಥಿ ಕದಿರವನ್ ಷಣ್ಮುಗನಾಥನ್ ಇದ್ದರು. ಮುಂದೆ ಅವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಯಾದರು. ತಂಡದ ಹಿರಿಯರಲ್ಲೊಬ್ಬರಾದ ಕ್ರಿಸ್ಟೋಫ್ ವೇಡರ್ ಸ್ವಿಟ್ಜರ್ಲೆಂಡಿನ ಫ್ರಿಬೂರ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. (ದೇವಶಾಸ್ತ್ರದ ಅಧ್ಯಯನಕ್ಕಾಗಿ ಈ ವಿಶ್ವವಿದ್ಯಾನಿಲಯದ ಹೆಸರು ಕೇಳಿದ ಗುರುಗಳು ನಮ್ಮಲ್ಲೂ ಇದ್ದಾರು.) ಅಲ್ಲಿ 2014ರಲ್ಲಿ ಜೀವಪ್ರೇರಿತ ವಸ್ತುಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರ ಆರಂಭವಾಯಿತು. ಹೊರದೇಶದ ಪದವಿ ವಿದ್ಯಾರ್ಥಿಗಳಿಗೂ ಅದು ಬೇಸಿಗೆಯಲ್ಲಿ ಅವಕಾಶ ನೀಡಿತು. ಹಳೆಯ ಪರಿಚಯ ಮುಂದುವರಿದು, 2017ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನ ಯೋಜನೆಯಡಿ ಎರಡೂ ದೇಶಗಳ ವಿದ್ಯಾರ್ಥಿಗಳು ಪರಸ್ಪರರ ಪ್ರಯೋಗಾಲಯಗಳಿಗೆ ಹೋಗಿ ಬರುವ ದಾರಿಯಾಯಿತು.

ಪತ್ರ ಬರೆದು ಕೇಳಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ನಾರನ್ನು ಎಷ್ಟು ಹೊತ್ತು ಕಲಕಬೇಕು, ತೆಳು ಹಾಳೆಯನ್ನು ಹೇಗೆ ಒಣಗಿಸಬೇಕು ಎಂಬಂಥ ಕೈಗೆಲಸ ಪಕ್ಕದಲ್ಲಿ ನಿಂತೇ ಕಲಿಯಬೇಕಾದದ್ದು. ಬೊಂಡಾಸ್ ಕೂಡ ನೋಡಿದವರ ಕೈಗೇ ಹಿಡಿಯುವುದಲ್ಲವೇ! ರಸಾಯನಶಾಸ್ತ್ರ ಒಂದು ಕಡೆ, ಜೀವಶಾಸ್ತ್ರ ಇನ್ನೊಂದು ಕಡೆ, ವೈದ್ಯರು ಮತ್ತೊಂದು ಕಡೆ ಇರುವಾಗ ಇವರ ನಡುವೆ ಓಡಾಡುವವರು ವಿದ್ಯಾರ್ಥಿಗಳೇ.

ವಿಜ್ಞಾನ ಓದುತ್ತಿರುವ ಮಕ್ಕಳ ತಂದೆತಾಯಿಯರು ಒಂದು ವಿಷಯ ಗಮನಿಸಬೇಕು. ಇಂಥ ಒಳ್ಳೆಯ ಯೋಜನೆಗಳಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಗೇ ಭತ್ಯೆ ಕೊಡುತ್ತಾರೆ. ಸೀಟು ಕೊಡಿಸುತ್ತೇವೆ ಎಂದು ಮುಂಗಡ ಕೇಳುವ ದಲ್ಲಾಳಿಗಳಿಗೆ ಇಲ್ಲಿ ಕೆಲಸವಿಲ್ಲ. ಹಣ ಕಟ್ಟುವ ಮೊದಲು ಆತಿಥೇಯ ಪ್ರಾಧ್ಯಾಪಕರ ಪತ್ರ ಕೇಳಿ, ಅದರಲ್ಲಿ ಕೆಲಸದ ವಿಷಯ, ಅವಧಿ, ಭತ್ಯೆ ನಮೂದಾಗಿದೆಯೇ ನೋಡಿ, ವಿಶ್ವವಿದ್ಯಾನಿಲಯಕ್ಕೇ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಿ.